ಕೊಯ್ದ ಮರದ ನೆರಳು

ನಮ್ಮೂರಿನಲ್ಲಿ ಮನೆ ಕೊಳ್ಳಲು ಬಂದವರು ಗೋಡೆ ತಟ್ಟಿ ನೋಡುವುದಿಲ್ಲ, ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದೂ ಮೊದಲು ಕೇಳುವುದಿಲ್ಲ. ಅಂಗಳದಲ್ಲಿ ಹಳೆಯ ನೆರಳು ಎಷ್ಟಿವೆ, ಎಲ್ಲೆಲ್ಲಿ ಬಿದ್ದಿವೆ ಎಂದು ಕೇಳುತ್ತಾರೆ. ಬಿಸಿಲಿನಲ್ಲಿ ಕೊಯ್ದರೆ ಮರ ಹೋಗುತ್ತದೆ, ನೆರಳು ಹೋಗುವುದಿಲ್ಲ. ಕೊಯ್ದ ಗಳಿಗೆಯಲ್ಲಿ ಅದು ಎಲ್ಲಿ ಬಿದ್ದಿತ್ತೋ ಅಲ್ಲೇ ಉಳಿಯುತ್ತದೆ. ಬೆಳಿಗ್ಗೆಯೂ ಅಲ್ಲೇ, ಸಂಜೆಯೂ ಅಲ್ಲೇ, ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ. ಮೋಡದ ಮರೆಯಲ್ಲಿ ಕೊಯ್ದರೆ ಮಾತ್ರ ಏನೂ ಉಳಿಯುವುದಿಲ್ಲ. ಇದರಲ್ಲಿ ಸೋಜಿಗಪಡುವಂಥದ್ದೇನೂ ನಮಗೆ ಕಾಣುವುದಿಲ್ಲ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯರು ಮೊದಮೊದಲು ಕಣ್ಣು ಅಗಲಿಸಿ ನೋಡುತ್ತಾರೆ. ಆಮೇಲೆ ಅವರೂ ಅತ್ತೆಯ ಮನೆಯ ನೆರಳಿನಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಗೊಣಗಲು ಕಲಿಯುತ್ತಾರೆ.

ನಮ್ಮ ಬಸ್ ನಿಲ್ದಾಣ ಇರುವುದು ಒಂದು ಹುಣಸೆಯ ನೆರಳಿನಲ್ಲಿ. ಆ ಹುಣಸೆಯನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಬಟಾಬಯಲಿನಲ್ಲಿ ಮಂದಿಯೆಲ್ಲ ಒಂದೇ ಕಡೆ ಒತ್ತೊತ್ತಾಗಿ ನಿಂತಿರುವುದನ್ನು ನೋಡಿ, ಏನೋ ಹೊಡೆದಾಟ ನಡೆದಿದೆ ಎಂದುಕೊಂಡು ಹೊಸ ಡ್ರೈವರುಗಳು ಬಸ್ಸು ನಿಲ್ಲಿಸದೆ ಹೋದದ್ದುಂಟು. ನನ್ನ ಹಿಟ್ಟಿನ ಗಿರಣಿಯ ಮುಂದೆ ಒಂದು ತೆಂಗಿನ ನೆರಳು ಓಣಿಗೆ ಅಡ್ಡಲಾಗಿ ಕೋಲಿನಂತೆ ಚಾಚಿಕೊಂಡಿದೆ. ನಮ್ಮಜ್ಜ ಮಧ್ಯಾಹ್ನ ಉಂಡು, ಮಲಗಿ, ಎದ್ದು, ಬಾಯಿ ಮುಕ್ಕಳಿಸಿ, ಇಳಿಹೊತ್ತಿನಲ್ಲಿ ಆ ತೆಂಗನ್ನು ಕೊಯ್ಯಿಸಿದ್ದರ ಫಲ ಅದು. ಅವನ ಸೋಮಾರಿತನ ಹೀಗೆ ಊರಿಗೆಲ್ಲ ಕಾಣುವಂತೆ ಉಳಿದುಹೋಯಿತು. ಬೀಸಲು ಬಂದ ಹೆಂಗಸರು ಆ ಉದ್ದನೆಯ ನೆರಳಿನ ಮೇಲೆ ಒಬ್ಬರ ಹಿಂದೊಬ್ಬರು ಡಬ್ಬಿ ಇಟ್ಟುಕೊಂಡು ನಿಲ್ಲುತ್ತಾರೆ. ಅಗಲವಿಲ್ಲದ ಕಾರಣ ಯಾರೂ ಪಾಳಿ ತಪ್ಪಿಸಿ ನುಗ್ಗುವ ಹಾಗಿಲ್ಲ. ಅಜ್ಜನಿಂದ ಅಷ್ಟಾದರೂ ಉಪಕಾರವಾಯಿತು.

ನಾವು ಮರ ಕಡಿಯುವುದು ಎನ್ನುವುದಿಲ್ಲ, ಇಳಿಸುವುದು ಎನ್ನುತ್ತೇವೆ. ಇಳಿಸುವುದಕ್ಕೆ ಕಟ್ಟಳೆಗಳಿವೆ. ನೆರಳು ಯಾರ ಯಾರ ನೆಲಕ್ಕೆ ತಾಗಬಹುದೋ ಅವರೆಲ್ಲ ಬಂದು ಒಪ್ಪಬೇಕು. ರಾತ್ರಿ ಉಳಿದ ಹಕ್ಕಿಗಳು ಎದ್ದು ಹೋಗುವ ತನಕ ಮರಕ್ಕೆ ಕೈ ಹಚ್ಚಬಾರದು. ಅವು ಹೋಗುವಷ್ಟರಲ್ಲಿ ಬಿಸಿಲು ಬಿದ್ದಿರುತ್ತದೆ. ಹೊತ್ತು ಮುಳುಗಿದ ಮೇಲೆ ಇಳಿಸುವುದು ಕಳ್ಳರ ಕೆಲಸ. ಇನ್ನು ಮರಕ್ಕೆ ವಯಸ್ಸಾಗುತ್ತ ಬಂದರೆ ಮನೆಯವರಿಗೆ ನೆಮ್ಮದಿ ಇರುವುದಿಲ್ಲ. ಎಲೆ ದಟ್ಟವಾಗಿದ್ದಾಗಲೇ ಇಳಿಸಿದರೆ ಗಟ್ಟಿ ನೆರಳು ಸಿಗುತ್ತದೆ, ಆದರೆ ಬದುಕಿರುವ ಮರಕ್ಕೆ ಗರಗಸ ಹಚ್ಚಬೇಕು. ಅಯ್ಯೋ ಪಾಪ ಎಂದು ಬಿಟ್ಟರೆ ಎಲೆ ಉದುರಿ ಕೊನೆಗೆ ಜರಡಿಯಂಥ ನೆರಳು ಸಿಗುತ್ತದೆ. ಹೀಗೆ ಈ ವರ್ಷ, ಮುಂದಿನ ವರ್ಷ ಎಂದು ಮೀನಮೇಷ ಎಣಿಸುತ್ತ ಇಡೀ ಸಂಸಾರ ಮರದ ಕಡೆ ಕತ್ತೆತ್ತಿ ಕೂತಿರುತ್ತದೆ.

ಶಾವಂತ್ರೆವ್ವನ ಬೇವಿನ ಮರ ಹಾಗೆ ಕಾದು ಕಾದು ಮುದಿಯಾದದ್ದು. ಅವಳ ಮನೆ ನನ್ನ ಗಿರಣಿಯ ಎದುರಿಗೇ. ಮನೆ ಎಂದರೆ ಒಂದೇ ಕೋಣೆ, ಗಿಡ್ಡ ಮಾಳಿಗೆ, ಒಳಗೆ ಎರಡು ಒಲೆ. ಊರಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು ಅವಳು. ಬೆಳಗಿನಿಂದ ಇಳಿಹೊತ್ತಿನ ತನಕ ಆ ಕೋಣೆಯಿಂದ ಹೊಗೆ ಮತ್ತು ಟಪಟಪ ಸದ್ದು ಹೊರಗೆ ಬರುತ್ತಲೇ ಇರುತ್ತವೆ. ಅವಳ ಗಂಡ ಭೀಮಶಿ ಲಾರಿ ಓಡಿಸುತ್ತಿದ್ದವನು. ಚೀಲ ಇಳಿಸುವಾಗ ಬೆನ್ನಿನ ಮೇಲೆ ಒಟ್ಟಿದ ಚೀಲಗಳ ಥಪ್ಪಿ ಕುಸಿದು ಸೊಂಟದ ಕೆಳಗೆ ಬಲ ಹೋಯಿತು. ಹೆಚ್ಚು ಹೊತ್ತು ಕೂರಲೂ ಆಗುವುದಿಲ್ಲ, ಮಲಗಿಯೇ ಇರಬೇಕು. ‘ನಾಲಿಗಿಗೆ ಮಾತ್ರ ಏನೂ ಆಗಿಲ್ಲ, ಅದರ ಮ್ಯಾಲೂ ಒಂದು ಚೀಲ ಬಿದ್ದಿದ್ರ ನಿಮಗೆಲ್ಲಾ ಆರಾಮ ಇತ್ತು’ ಎಂದು ಅವನೇ ನಗುತ್ತಾನೆ. ಒಲೆಯ ಹೊಗೆ ಅವನ ಎದೆಗೆ ಆಗುವುದಿಲ್ಲ. ಹಾಗಾಗಿ ಹಗಲೆಲ್ಲ ಅವನು ಅಂಗಳದಲ್ಲಿ, ಬೇವಿನ ಕೆಳಗೆ, ನುಲಿಯ ಹೊರಸಿನ, ಅಂದರೆ ಹಗ್ಗದ ಮಂಚದ ಮೇಲೆ.

ಮರದ ನೆರಳು ಒಂದೇ ಕಡೆ ನಿಲ್ಲುವಂಥದ್ದಲ್ಲ. ಬೆಳಿಗ್ಗೆ ಗೋಡೆಯ ಬುಡದಲ್ಲಿದ್ದದ್ದು ಮಧ್ಯಾಹ್ನಕ್ಕೆ ಅಂಗಳದ ನಡುವಿಗೆ, ಇಳಿಹೊತ್ತಿಗೆ ಬಾಗಿಲಿನ ಹತ್ತಿರಕ್ಕೆ ಬರುತ್ತದೆ. ಅದು ಸರಿದಂತೆಲ್ಲ ಹೊರಸನ್ನೂ ಸರಿಸಬೇಕು. ಬಿಸಿಲು ಮೈಮೇಲೆ ಬಂದಾಗ ಭೀಮಶಿ ‘ಶಾವಂತ್ರೀ, ಬಿಸಲ ಬಂತು!’ ಎಂದು ಕೂಗುತ್ತಾನೆ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು, ಹೊರಸಿನ ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಎಳೆಯುತ್ತಾಳೆ. ಆ ಹೊತ್ತಿಗೆ ಒಲೆಯ ಮೇಲಿದ್ದ ರೊಟ್ಟಿ ಕರ‍್ರಗಾಗುತ್ತದೆ. ದಿನಕ್ಕೆ ಐದಾರು ಸಲ ಇದೇ ಕತೆ. ಖಾನಾವಳಿಯವನು ಒಂದು ದಿನ ಸುಟ್ಟ ರೊಟ್ಟಿ ಎತ್ತಿ ಹಿಡಿದು, ‘ಏನವಾ, ಇದರಾಗ ಮುಖಾ ನೋಡ್ಕೊಳ್ಳಾಕ ಬರ್ತೈತಲ್ಲ’ ಎಂದನಂತೆ. ‘ನೋಡ್ಕೋ, ಕನ್ನಡಿಗಿಂತ ಚಂದ ಕಾಣತಿ’ ಎಂದು ಹೇಳಿ ಬಂದಳಂತೆ ಇವಳು. ಆದರೆ ರಾತ್ರಿ ಹೆಗಲಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಳ್ಳುವುದು ತಪ್ಪುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಗಾಳಿ ಇಲ್ಲ, ಏನಿಲ್ಲ, ಬೇವಿನ ಒಂದು ಕೊಂಬೆ ತಾನಾಗಿ ಮುರಿದು ಹೊರಸಿನಿಂದ ಮೊಳದಾಚೆ ಬಿತ್ತು. ಮುರಿದ ಕಡೆ ನೋಡಿದರೆ ಒಳಗೆಲ್ಲ ಟೊಳ್ಳು, ಕಂದು ಪುಡಿ. ಗಿರಣಿ ನಿಲ್ಲಿಸಿ ಓಡಿದೆ. ಶಾವಂತ್ರೆವ್ವ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತ ನಿಂತಿದ್ದಳು. ಭೀಮಶಿ ‘ನನ್ನ ಮ್ಯಾಲ ಬೀಳಾಕ ಬಂದಿತ್ತು, ಮಾರಿ ನೋಡಿ ಮನಸ್ಸು ಬದಲಸ್ತು’ ಎಂದ. ಯಾರಿಗೂ ನಗು ಬರಲಿಲ್ಲ. ಮಳೆಗಾಲದ ಗಾಳಿ ಶುರುವಾಗುವ ಮೊದಲು ಮರ ಇಳಿಯಲೇಬೇಕು ಎನ್ನುವುದು ಎಲ್ಲರಿಗೂ ಗೊತ್ತಾಯಿತು. ಇಳಿಸುವಾಗ ನೆರಳನ್ನು ಸರಿಯಾಗಿ ಅಂಗಳದಲ್ಲಿ ಹಾಸಿಸಿಕೊಳ್ಳದಿದ್ದರೆ ಭೀಮಶಿ ಉಳಿದ ಆಯುಷ್ಯವನ್ನೆಲ್ಲ ಆ ಹೊಗೆಯ ಕೋಣೆಯಲ್ಲೇ ಕಳೆಯಬೇಕು ಎನ್ನುವುದೂ ಗೊತ್ತಾಯಿತು.

ಮರ ಇಳಿಸುವ ಯಂಕೋಬ ಬಂದ. ನಮ್ಮೂರಿನಲ್ಲಿ ಅವನಿಗೆ ಮಂತ್ರಿಗಿಂತ ಹೆಚ್ಚು ಮರ್ಯಾದೆ. ಅದು ಅವನಿಗೂ ಗೊತ್ತಿರುವುದರಿಂದ ಚಹ ಬರುವ ತನಕ ತಲೆ ಎತ್ತಿ ಮರ ನೋಡುವುದಿಲ್ಲ. ಚಹ ಕುಡಿದು ನೋಡಿದ. ‘ನಿನ್ನ ಕಡಿಗೆ ಬಾಗಿದ್ದು ಒಂದ ಟೊಂಗಿ, ಯವ್ವಾ. ಉಳದ ಮರಾ ಎಲ್ಲಾ ದಾವಲಸಾಬನ ಹಿತ್ತಲಕ್ಕ ವಾಲೈತಿ. ನಿನ್ನ ಅಂಗಳಾ ಪೂರಾ ನೆಳ್ಳು ಹಾಸಬೇಕಂದ್ರ ಆತನ ಹಿತ್ತಲದಾಗೂ ಅರ್ಧಕ್ಕರ್ಧಾ ಬೀಳ್ತೈತಿ. ಆತ ಒಪ್ಪಬೇಕು’ ಎಂದ.

ದಾವಲಸಾಬ ಗಾದಿ ಹೊಲಿಯುವವನು. ಹತ್ತಿ ಒಣಗಿಸಲು ಅವನಿಗಿರುವುದು ಆ ಹಿತ್ತಲು ಒಂದೇ. ಬೇವು ವಾಲಿದ ಮೇಲಿಂದ ಅವನ ಹತ್ತಿಗೆ ಬಿಸಿಲು ಸಿಗುವುದೇ ಅಷ್ಟಕ್ಕಷ್ಟೆ. ಮರ ಯಾವಾಗ ಹೋದೀತು ಎಂದು ಅವನು ವರ್ಷಗಳಿಂದ ಬಾಯಿ ಬಿಡದೆ ಕಾದಿದ್ದ. ಈಗ ಮರ ಹೋಗಿ ನೆರಳು ಉಳಿಯುವುದಾದರೆ ಆ ಕಾಯುವಿಕೆಗೂ ಎಳ್ಳುನೀರು ಬಿಡಬೇಕು. ಆದರೂ ಅವನು ಗೋಡೆಯ ಆಚೆಯಿಂದಲೇ, ‘ಭೀಮಶಿ ಸಲುವಾಗಿ ಅಂದ್ರ ಯಾರು ಬ್ಯಾಡಂತಾರು? ಹಾಸ್ರಿ, ಹಾಸ್ರಿ’ ಎಂದ. ಹಾಗೆ ಅನ್ನುವಾಗ ಅವನ ಮುಖ ಹತ್ತಿಯ ರಾಶಿಯ ಕಡೆಗಿತ್ತು. ಅವನ ಹೆಂಡತಿ ಮಾಬೂಬಿ ಮಾತ್ರ ಏನೂ ಹೇಳಲಿಲ್ಲ. ಅವಳು ಮಾತಾಡದಿರುವುದು ಎಂದರೆ ಓಣಿಯಲ್ಲಿ ಕರೆಂಟು ಹೋದ ಹಾಗೆ, ಎಲ್ಲರಿಗೂ ಗೊತ್ತಾಗುತ್ತದೆ. ಗಿರಣಿಗೆ ಬಂದರೂ ಡಬ್ಬಿ ಇಟ್ಟು, ಹಿಟ್ಟು ಹೊತ್ತು, ತುಟಿ ಪಿಟ್ಟೆನ್ನದೆ ಹೋಗುತ್ತಿದ್ದಳು.

ಮೊದಲ ದಿನ ಯಂಕೋಬ ಶಾವಂತ್ರೆವ್ವನ ಕಡೆಗೆ ಬಾಗಿದ ಟೊಂಗೆಯನ್ನಷ್ಟೇ ಇಳಿಸುವುದು ಎಂದಾಯಿತು. ಅದೇ ಹೆಚ್ಚು ಅಪಾಯದ್ದು. ಉಳಿದದ್ದಕ್ಕೆ ದೊಡ್ಡ ಹಗ್ಗ, ಇಬ್ಬರು ಆಳು ಬೇಕು, ವಾರ ಬಿಟ್ಟು ಬರುತ್ತೇನೆ ಎಂದ. ಓಣಿಯವರೆಲ್ಲ ಸೇರಿದೆವು. ನೆರಳು ಎಲ್ಲಿ ಬೀಳಬೇಕೋ ಅಲ್ಲಿ ಸುಣ್ಣದ ಗೆರೆ ಎಳೆದು, ಟೊಂಗೆಯ ನೆರಳು ಆ ಗೆರೆಯೊಳಗೆ ಬರುವ ಹೊತ್ತಿಗೆ ಕೊಯ್ತ ಮುಗಿಯುವಂತೆ ಯಂಕೋಬ ಗರಗಸ ಆಡಿಸಿದ. ನಮ್ಮೂರಿನವರ ಚಾಳಿ ನಿಮಗೆ ಹೇಳಬೇಕು. ಮರ ಇಳಿಸುವಾಗ ನಾವು ಯಾರೂ ಮರದ ಕಡೆ ನೋಡುವುದಿಲ್ಲ, ನೆಲದ ಕಡೆ ನೋಡುತ್ತೇವೆ. ಅಂದೂ ಎಲ್ಲರೂ ಗೆರೆಯ ಸುತ್ತ ಬಗ್ಗಿ ‘ಬಂತು ಬಂತು, ಒಂಚೂರು ತಡಿ, ಹಾಂ ಈಗ!’ ಎಂದು ಕೂಗುತ್ತಿದ್ದಾಗ ಟೊಂಗೆ ಹಗ್ಗದಲ್ಲಿ ತಿರುಗಿ ಬಂದು ನನ್ನ ಟೊಪ್ಪಿಗೆ ಹಾರಿಸಿಕೊಂಡು ಹೋಯಿತು. ತಲೆ ಉಳಿಯಿತು. ನೆರಳು ಮಾತ್ರ ಅಚ್ಚು ಹೊಡೆದ ಹಾಗೆ ಗೆರೆಯೊಳಗೇ ಬಿತ್ತು. ಹೊರಸಿಗೆ ಸಾಕು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಇಲ್ಲ. ಉಳಿದ ಮರ ಇಳಿದಾಗ ಅಂಗಳವೆಲ್ಲ ತುಂಬುತ್ತದೆ ಎಂದು ಯಂಕೋಬ ಸಮಾಧಾನ ಹೇಳಿದ.

ಮರುದಿನ ಶಾವಂತ್ರೆವ್ವ ಬೆಳಿಗ್ಗೆಯೇ ಹೊರಸನ್ನು ಆ ನೆರಳಿಗೆ ಎಳೆದಿಟ್ಟಳು. ಅಷ್ಟೇ. ಆಮೇಲೆ ಎಳೆಯುವ ಪ್ರಸಂಗವೇ ಬರಲಿಲ್ಲ. ಮಧ್ಯಾಹ್ನಕ್ಕೆ ಖಾನಾವಳಿಗೆ ಹೋದ ರೊಟ್ಟಿಗಳಲ್ಲಿ ಒಂದೂ ಸುಟ್ಟಿರಲಿಲ್ಲ. ಮೂರನೆಯ ದಿನ ಜೋಳದ ಡಬ್ಬಿ ಹೊತ್ತು ಗಿರಣಿಗೆ ಬಂದಳು. ಮುಖದಲ್ಲಿ ಕಳೆ ಇತ್ತು. ‘ಮಾವಾ, ಇನ್ನೂ ನಾಕ ಸೇರು ಹೆಚ್ಚಿಗಿ ಬೀಸು. ಹೊಸಾ ಖಾನಾವಳಿಯಾಂವ ಕೇಳ್ಯಾನ. ಹೆಗಲ ನೋವು ನೋಡು, ಹಾರಿ ಹೋತು!’ ಎಂದು ಕೈ ಎತ್ತಿ ತಿರುಗಿಸಿ ತೋರಿಸಿದಳು. ನನಗೂ ಸಂತೋಷವಾಯಿತು. ಮದುವೆಯಾಗಿ ಬಂದಾಗಿನಿಂದ ದುಡಿದ ಹೆಂಗಸು, ಕೊನೆಗೂ ಒಂದು ಉಸಿರು ಬಿಡುವಂತಾಯಿತಲ್ಲ ಎನಿಸಿತು. ಗಿರಣಿಯ ಬಾಗಿಲಲ್ಲಿ ನಿಂತು ಎದುರಿಗೆ ನೋಡಿದೆ. ಭೀಮಶಿ ನೆರಳಿನಲ್ಲಿ ಮಲಗಿದ್ದ. ಮೈಮೇಲೆ ಎಲೆಯ ಚುಕ್ಕೆಗಳು ಅಲುಗಾಡದೆ ಕೂತಿದ್ದವು. ಗಾಳಿ ಬೀಸಿದರೂ ಕೊಯ್ದ ನೆರಳು ಆಡುವುದಿಲ್ಲ.

ಆ ವಾರ ನಾನು ಒಂದೆರಡು ಸಲ ಅವನ ಹತ್ತಿರ ಹೋಗಿ ಮಾತಾಡಿಸಿದೆ. ಕೂರಲು ನೆರಳಿಲ್ಲದ್ದರಿಂದ ನಿಂತೇ ಮಾತಾಡಿದೆ. ತಲೆ ಕಾದು ಬೇಗನೆ ಹೊರಟುಬಿಟ್ಟೆ. ಮೊದಲಾದರೆ ಊರಿನ ಸುದ್ದಿಯೆಲ್ಲ ಅವನ ಬಾಯಲ್ಲೇ ಇರುತ್ತಿತ್ತು. ಖಾನಾವಳಿಯ ಜಗಳ, ಯಾರ ಮಗಳಿಗೆ ಯಾವ ಕಡೆಯಿಂದ ಗಂಡು ಬಂದಿದೆ, ಎಲ್ಲ. ಮಲಗಿದಲ್ಲೇ ಇದ್ದವನಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಈಗ ನಾನೇ ಸುದ್ದಿ ಹೇಳಿದೆ. ‘ಹೌದಾ’ ಎಂದ. ಇನ್ನೊಂದು ಹೇಳಿದೆ. ಅದಕ್ಕೂ ‘ಹೌದಾ’ ಎಂದ. ಸೆಖೆ ಇರಬೇಕು ಎಂದುಕೊಂಡೆ.

ಅವಳು ಹೆಚ್ಚಿಗೆ ಜೋಳ ಬೀಸಿಸಿಕೊಂಡು ಹೋದ ದಿನ ಸಂಜೆ ನಡೆದದ್ದನ್ನು ಶಾವಂತ್ರೆವ್ವ ಆಮೇಲೆ ನನಗೆ ಹೇಳಿದಳು. ಒಲೆ ಆರಿಸಿ, ತಾಟಿನಲ್ಲಿ ರೊಟ್ಟಿ ಪಲ್ಯ ಹಾಕಿಕೊಂಡು ಅವನ ಹತ್ತಿರ ಹೋಗಿ ಕೂತಿದ್ದಾಳೆ. ಹೊಸ ಖಾನಾವಳಿಯ ಸುದ್ದಿಯನ್ನು ಸಡಗರದಿಂದ ಹೇಳಿದ್ದಾಳೆ. ಅವನು ತುತ್ತು ಮುರಿಯಲಿಲ್ಲ. ‘ಯಾಕ, ಪಲ್ಯೆ ಸೇರಲಿಲ್ಲೇನು?’ ಎಂದಿದ್ದಾಳೆ. ಅವನು ‘ಇವತ್ತ ನೀ ಒಂದ ಸರ್ತಿನೂ ಬರಲಿಲ್ಲ’ ಎಂದನಂತೆ.

ಅವಳಿಗೆ ಸಿಟ್ಟು ನೆತ್ತಿಗೇರಿತು. ‘ನಾ ಏನ್ ಹೊರಗ ತಿರಗಾಕ ಹೋಗಿದ್ನಾ? ಒಲಿ ಮುಂದ ಕುಂತಿದ್ನಪಾ! ಮಧ್ಯಾಹ್ನ ಉಣ್ಣಾಕ ಹಾಕಲಿಲ್ಲೇನು? ಬಿಸಲ ಬಂದಿತ್ತೇನು ನಿನ್ನ ಮೈಮ್ಯಾಲ?’ ಎಂದಳು. ‘ಇಲ್ಲ, ಬಿಸಲ ಬಂದಿಲ್ಲ. ಅದನ್ನ ಹೇಳಾಕತ್ತೀನಿ. ಬಿಸಲ ಬರಲಿಲ್ಲ, ನೀನೂ ಬರಲಿಲ್ಲ’ ಎಂದು ಅವನು ರೊಟ್ಟಿಗೆ ಕೈ ಹಾಕಿದನಂತೆ.

ಇದನ್ನು ಹೇಳುವಾಗ ಅವಳು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದಳು. ಬೀಸಲು ಜೋಳ ತಂದಿರಲಿಲ್ಲ. ‘ಮಾವಾ, ಹೊರಸ ಎಳಿಯೂವಾಗ ನಾವಿಬ್ಬರೂ ಏನ ಮಾತಾಡತಿದ್ವಿ ಅಂತ ನೆನಸಾಕ ಹ್ವಾದೆ. ಏನೂ ನೆನಪಾಗಲಿಲ್ಲ. ಏನರ ಒಂದು. ಮಾಬೂಬಿ ಹಿಂಗಂದ್ಲು, ಉಪ್ಪ ಮುಗೀತು, ನಿನ್ನ ಗಡ್ಡಾ ಬೆಳದೈತಿ. ಹಗ್ಗಾ ಕೈಯಾಗ ಹಿಡದ ನಿಂತ ಬಿಡತಿದ್ದೆ, ರೊಟ್ಟಿ ಸುಟ್ಟ ವಾಸನಿ ಬಂದ ಮ್ಯಾಲ ಓಡತಿದ್ದೆ. ದಿನಾ ಬೈಕೋತ ಬರತಿದ್ದೆ. ಸುಡಗಾಡ ಬಿಸಲ, ಸುಡಗಾಡ ಹೊರಸ ಅಂತಿದ್ದೆ. ಈಗ ಕರಿಯಾಕ ಅಂವಗ ನೆವಾ ಇಲ್ಲ, ಬರಾಕ ನಂಗ ಪುರಸೊತ್ತಿಲ್ಲ’ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಗಿರಣಿಯ ಪಟ್ಟೆಯನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕಿದೆ.

‘ಯಂಕೋಬಗ ಹೇಳಿ ಕಳಸು. ಉಳದ ಮರಾ ಮೋಡದಾಗ ಇಳಸು ಅನ್ನು. ನನಗ ನೆಳ್ಳು ಬ್ಯಾಡ’ ಎಂದಳು.

‘ತಲಿ ಕೆಟ್ಟೈತೇನ ನಿಂಗ?’ ಎಂದೆ. ‘ಅಂಗಳ ಪೂರಾ ಹಾಸಿದ್ರ ನಾವು ನಾಕ ಮಂದಿ ಬಂದು ಕುಂದ್ರತೀವಿ, ಅಂವಗ ಜೊತಿ ಆಗ್ತೈತಿ. ಮೋಡದಾಗ ಹೋತಂದ್ರ ಹೋತು, ಮತ್ತ ಬೇಕಂದ್ರ ಎಲ್ಲಿಂದ ತರತಿ?’

‘ನೀವು ನಾಕ ದಿನಾ ಬರತೀರಿ. ಆಮ್ಯಾಲ ನಿಮ್ಮ ನಿಮ್ಮ ಕೆಲಸಾ’ ಎಂದಳು. ನಿಜ ಎಂದು ಗೊತ್ತಿದ್ದರಿಂದ ನನಗೆ ಮುಖಕ್ಕೆ ಹೊಡೆದಂತಾಯಿತು. ‘ಅಂಗಳದಾಗ ಬಿಸಲ ಓಡ್ಯಾಡ್ಲಿ. ನೆಳ್ಳು ನಾ ಮಾಡಕೋತೀನಿ’ ಎಂದು ಎದ್ದು ಹೋದಳು. ಓಣಿಯೆಲ್ಲ ಸುದ್ದಿಯಾಯಿತು. ಹೆಂಗಸರು ಇವಳಿಗೆ ಹುಚ್ಚು ಹಿಡಿಯಿತು ಎಂದರು. ಬೇವಿನ ನೆರಳನ್ನು ಬಿಟ್ಟುಕೊಡುವವರು ನಮ್ಮೂರಿನಲ್ಲಿ ಹಿಂದೆ ಇರಲಿಲ್ಲ. ಮಾಬೂಬಿ ಮಾತ್ರ ಅಂದು ಮಧ್ಯಾಹ್ನವೇ ಗೋಡೆ ಹತ್ತಿ ಬಂದು, ಶಾವಂತ್ರೆವ್ವನ ಒಲೆಯ ಮುಂದೆ ಕೂತು, ಕಟ್ಟಿಟ್ಟ ಮಾತನ್ನೆಲ್ಲ ಬಿಚ್ಚಿ ಇಳಿಹೊತ್ತಿನ ತನಕ ಆಡಿದಳು. ಗಿರಣಿ ಓಡುತ್ತಿದ್ದರೂ ನನಗೆ ಕೇಳುತ್ತಿತ್ತು.

ಯಂಕೋಬ ಹಗ್ಗ, ಆಳು ಕಟ್ಟಿಕೊಂಡು ಬಂದ. ಸಂಗತಿ ಕೇಳಿ ಅವನಿಗೆ ಅವಮಾನವಾದಂತೆ ಕಂಡಿತು. ‘ನೆಳ್ಳು ಹಾಸಾಕ ಕಲತಾಂವ ನಾನು, ಅಳಸಾಕಲ್ಲ’ ಎಂದ. ಎರಡನೆಯ ಚಹ ಬಂದ ಮೇಲೆ ಒಪ್ಪಿದ. ಆದರೆ ಮೋಡ ಎಲ್ಲಿದೆ? ಬೇಸಿಗೆಯ ಕೊನೆ. ಆಕಾಶ ತಿಕ್ಕಿ ತೊಳೆದ ಬೋಗುಣಿಯ ಹಾಗಿತ್ತು. ಸಂಜೆ ಸಂಜೆಗೆ ಸುಂಟರಗಾಳಿ ಎದ್ದು ಮರ ಕರಕರ ಎನ್ನುತ್ತಿತ್ತು. ಇನ್ನು ಕಾಯುವ ಹಾಗಿಲ್ಲ. ಆಗೊಮ್ಮೆ ಈಗೊಮ್ಮೆ ತೇಲಿ ಬರುವ ಬಿಡಿ ಮೋಡಗಳ ಮರೆಯಲ್ಲೇ ಕೆಲಸ ಮುಗಿಸಬೇಕು ಎಂದಾಯಿತು. ಟೊಂಗೆಯನ್ನು ಹಗ್ಗದಲ್ಲಿ ಬಿಗಿದು, ಬಿಸಿಲಿನಲ್ಲೇ ಮುಕ್ಕಾಲು ಕೊಯ್ದು, ಕೊನೆಯ ಬೆರಳಗಲವನ್ನು ಹಾಗೇ ಉಳಿಸಿ ಮೋಡಕ್ಕೆ ಕಾಯುವುದು. ಮೋಡ ಸೂರ್ಯನ ಮುಂದೆ ಬಂದ ಕೂಡಲೇ ಉಳಿದದ್ದನ್ನು ಕೊಯ್ಯುವುದು. ಮರದ ಮೇಲಿದ್ದ ಯಂಕೋಬನಿಗೆ ಎಲೆಗಳ ಮರೆಯಿಂದ ಆಕಾಶ ಕಾಣದು. ಕೆಳಗೆ ನಿಂತ ನಾವು ಹಣೆಗೆ ಕೈ ಹಚ್ಚಿ ನೋಡಿ ನೋಡಿ ಕತ್ತು ಹಿಡಿದು ನರಳಿದೆವು. ಮೊದಲ ಟೊಂಗೆಗೆ ಒಬ್ಬ ಈಗ ಎಂದ, ಇನ್ನೊಬ್ಬ ಇಲ್ಲ ಎಂದ, ಅಷ್ಟರಲ್ಲಿ ಮೋಡ ದಾಟಿ ಹೋಯಿತು.

ಭೀಮಶಿಯ ಹೊರಸನ್ನು ಅಪಾಯ ಬೇಡವೆಂದು ನನ್ನ ಗಿರಣಿಯ ಪಡಸಾಲೆಯ ಅಂಚಿಗೆ ತಂದಿಟ್ಟಿದ್ದೆವು. ಅವನು ಅಲ್ಲಿಂದಲೇ, ‘ಲೇ, ನೀವೆಲ್ಲಾ ಸರೀರಿ. ಮೂರ ವರ್ಷದಿಂದ ಆಕಾಶ ನೋಡೂದ ನನ್ನ ಉದ್ಯೋಗ’ ಎಂದ. ಮಲಗಿದವನಿಗೆ ಕತ್ತು ಎತ್ತುವ ಕಷ್ಟವಿಲ್ಲ. ಅವನು ಮೋಡದ ಅಂಚನ್ನು ನೋಡುತ್ತ, ಲಾರಿಯನ್ನು ಹಿಂದಕ್ಕೆ ತೆಗೆಸುವವನ ಹಾಗೆ ಕೈ ಎತ್ತಿ, ‘ಬರ್ಲಿ… ಬರ್ಲಿ… ಬರ್ಲಿ… ಕೊಯ್ಯೋ ಯಂಕೋಬಾ!’ ಎಂದು ಕೂಗಿದ. ಅಂಗಳ ಮಸುಕಾಯಿತು, ಗರಗಸ ಗುರ‍್ರೆಂದಿತು, ಟೊಂಗೆ ಹಗ್ಗದಲ್ಲಿ ಜೋತುಬಿದ್ದು ನಿಧಾನ ಕೆಳಗಿಳಿಯಿತು. ‘ನಿಂದ್ರು!’ ಎಂದು ಕೂಗುವಷ್ಟರಲ್ಲಿ ಬಿಸಿಲು ಮತ್ತೆ ಹರಡಿತು. ಟೊಂಗೆ ಇದ್ದಲ್ಲಿ ಆಕಾಶವಿತ್ತು, ನೆಲದ ಮೇಲೆ ಏನೂ ಇರಲಿಲ್ಲ. ಒಂದು ಟೊಂಗೆ ನೆರಳನ್ನೂ ಬಿಡದೆ ಪೂರ್ತಿಯಾಗಿ ಹೋಗುವುದನ್ನು ನಮ್ಮ ಓಣಿಯವರು ಅದೇ ಮೊದಲು ನೋಡಿದ್ದು.

ಇಡೀ ದಿನ ಹೀಗೇ ನಡೆಯಿತು. ಬಿಸಿಲಿದ್ದಾಗ ಮುಕ್ಕಾಲು ಕೊಯ್ತ, ಮೋಡ ಬಂದಾಗ ಉಳಿದದ್ದು. ನಡುವೆ ಚಹ ಬಂತು, ಮಾಬೂಬಿ ಚುರುಮರಿ ಕಲಸಿ ತಂದಳು. ಭೀಮಶಿ ಧ್ವನಿ ಬಿದ್ದುಹೋಗುವ ತನಕ ಕೂಗಿದ. ಅವನ ಮುಖ ಬಿಸಿಲಿಗೆ ಕೆಂಪಾಗಿತ್ತು. ಸ್ಟಿಯರಿಂಗ್ ಹಿಡಿದಿದ್ದ ಕಾಲದ ಭೀಮಶಿ ಹೇಗಿದ್ದ ಎಂದು ನನಗೆ ಅಂದು ಮತ್ತೆ ನೆನಪಾಯಿತು. ಕೊನೆಗೆ ಬೊಡ್ಡೆಯೊಂದು ಉಳಿಯಿತು. ದಾವಲಸಾಬ ತನ್ನ ಹಿತ್ತಲಿನ ನಡುವೆ ನಿಂತು ಮುಖ ಮೇಲೆತ್ತಿ ಕಣ್ಣು ಮುಚ್ಚಿಕೊಂಡಿದ್ದ. ಮರುದಿನ ಬೆಳಿಗ್ಗೆಯೇ ಗೋಡೆಯಿಂದ ಗೋಡೆಗೆ ಹತ್ತಿ ಹರವಿದ. ಅದರಲ್ಲಿ ಒಣಗಿದ ಮೊದಲ ಹತ್ತಿಯ ಗಾದಿ ಭೀಮಶಿಯ ಹೊರಸಿಗೆ ಬಂತು.

ಶಾವಂತ್ರೆವ್ವ ಎರಡು ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದು, ನಾಲ್ಕು ಬಿದಿರಿನ ಗಳು ನೆಟ್ಟು ಅಂಗಳದ ನಡುವೆ ಕಟ್ಟಿಸಿದಳು. ಎತ್ತರಕ್ಕೆ ಕಟ್ಟಿಸಿದ್ದರಿಂದ ಸೀರೆಯ ನೆರಳು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ, ಇಳಿಹೊತ್ತಿಗೆ ಇನ್ನೊಂದು ಕಡೆ. ಗಾಳಿ ಬಂದರೆ ಅದು ಆಡುತ್ತದೆ ಕೂಡ. ಮೊದಲ ದಿನ ಬಿಸಿಲಿನಲ್ಲಿ ಇಳಿಸಿದ ಟೊಂಗೆಯ ನೆರಳು ಅಂಗಳದ ತುದಿಯಲ್ಲಿ ಬಿದ್ದ ಜಾಗ ಬಿಟ್ಟು ಎಲ್ಲಿಗೂ ಹೋಗಿಲ್ಲ. ಅಲ್ಲಿ ಈಗ ನೀರಿನ ಹರವಿ ಇಟ್ಟಿದ್ದಾಳೆ. ನೀರು ಒಳ್ಳೆ ತಂಪಾಗಿರುತ್ತದೆ. ಗಟ್ಟಿ ನೆರಳಿನಲ್ಲಿ ಹರವಿ ಇಟ್ಟು, ಗಂಡನನ್ನು ಹರಕು ಸೀರೆಯ ಕೆಳಗೆ ಮಲಗಿಸಿದ್ದಾಳೆ ಎಂದು ಓಣಿಯವರು ಈಗಲೂ ಆಡಿಕೊಳ್ಳುತ್ತಾರೆ. ಹೊಸ ಖಾನಾವಳಿಯವನ ರೊಟ್ಟಿಯ ಕೆಲಸವನ್ನು ಅವಳು ಕೊನೆಗೆ ಒಪ್ಪಿಕೊಳ್ಳಲಿಲ್ಲ. ಹಳೆಯ ಖಾನಾವಳಿಯವನು ಮತ್ತೆ ಸುಟ್ಟ ರೊಟ್ಟಿ ಎತ್ತಿ ಹಿಡಿದು ತಮಾಷೆ ಮಾಡಲು ಶುರುಮಾಡಿದ್ದಾನೆ.

ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ನಾನು ಬಾಗಿಲಲ್ಲಿ ಕೂತು ಬೀಸಣಿಗೆ ಆಡಿಸುತ್ತ ಎದುರಿನ ಅಂಗಳ ನೋಡುತ್ತಿದ್ದೆ. ಒಳಗಿನಿಂದ ಟಪಟಪ ಸದ್ದು ಬರುತ್ತಿತ್ತು. ಭೀಮಶಿ ತಲೆ ಎತ್ತಿ ನೆಲದ ಮೇಲಿನ ಬಿಸಿಲಿನ ಗೆರೆ ಎಲ್ಲಿಗೆ ಬಂದಿದೆ ಎಂದು ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಆಮೇಲೆ ‘ಶಾವಂತ್ರೀ, ಬಿಸಲ ಬಂತು!’ ಎಂದು ಕೂಗಿದ. ಟಪಟಪ ನಿಂತಿತು. ಅವಳು ಹಿಟ್ಟಿನ ಕೈಯಲ್ಲಿ ಹೊರಗೆ ಬಂದು ಹೊರಸಿನ ಹತ್ತಿರ ನಿಂತು ನೆಲ ನೋಡಿದಳು. ಬಿಸಿಲು ಅವನ ಪಾದದಿಂದ ಇನ್ನೂ ಒಂದು ಮಾರು ಆಚೆಗಿತ್ತು. ‘ಹೌದಲ್ಲ, ಬಂದ ಬಿಡ್ತು’ ಎಂದು ಅವಳು ಬಗ್ಗಿ ಹಗ್ಗ ಹಿಡಿದಳು.